ಬೇಲಿಯಿಲ್ಲದ ಬಿಳಿ ಗುಡ್ಡ

ಮೂಡಲಕೊಲ್ಲಿ, ಉತ್ತರ ನಾರ್ವೆ
ಕ್ರಿ.ಶ. 2389, ಫೆಬ್ರವರಿ 30

ಪೂಜ್ಯ ಮಂದಾಕಿನಿ ಅಜ್ಜಿಯವರಿಗೆ ಕೆಂಚಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಯಲ್ಲಿ ಹಬ್ಬಕ್ಕೆಂದು ಎತ್ತಿಟ್ಟುಕೊಳ್ಳುತ್ತೇವೆ. ನನ್ನ ಮಾತಿನಲ್ಲಿ ನಿಮಗೆ ಗುರುತು ಹತ್ತದ ಪದಗಳು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಧ್ವನಿಮುದ್ರಿಕೆಗಳನ್ನು ಕೇಳಿ ಕಲಿತವಳು. ಹಾಗಾಗಿ ಒಂದು ಸಾಲು ಪುಸ್ತಕದಂತೆಯೂ ಇನ್ನೊಂದು ಸಾಲು ಸಂತೆಯಂತೆಯೂ ಕೇಳಿಸಬಹುದು. ನನಗೆ ಅರವತ್ತು ದಾಟಿದೆ, ನಿಮಗಿನ್ನೂ ನಲವತ್ತೂ ಆಗಿರಲಿಕ್ಕಿಲ್ಲ. ಆದರೂ ನೀವು ಹನ್ನೆರಡು ತಲೆಮಾರು ಹಿಂದಿನ ತಾಯಿ, ಅಜ್ಜಿ ಎನ್ನದೆ ಬೇರೆ ದಾರಿಯಿಲ್ಲ.

ಈ ಪತ್ರ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಅಂಚೆ. ಅದು ರಕ್ತಸಂಬಂಧಿಗೆ ಮಾತ್ರ ಮುಟ್ಟುತ್ತದೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪತ್ರ, ಉತ್ತರ ಬರುವುದಿಲ್ಲ. ಗುರಿ ತಪ್ಪುವುದೂ ಉಂಟು. ನನ್ನ ಚಿಕ್ಕಪ್ಪ ತನ್ನ ತಾತನಿಗೆ ಮದುವೆಯಾಗಬೇಡ ಎಂದು ಬರೆದ ಪತ್ರ, ತಾತ ಆರು ಮಕ್ಕಳ ತಂದೆಯಾಗಿ ಹಲ್ಲೆಲ್ಲ ಉದುರಿದ ಮೇಲೆ ಕೈಸೇರಿತಂತೆ. ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದುವ ಮುಂಚೆ ಕಂಪ್ಯೂಟರಿನಿಂದ ಕೈ ತೆಗೆಯಿರಿ. ನನ್ನ ಮಗಳು ಹೊಂಬಾಳೆಯ ಜೀವ, ಅವಳ ಹಸುಗೂಸಿನ ಜೀವ, ಎರಡೂ ನಿಮ್ಮ ಬೆರಳ ತುದಿಯಲ್ಲಿವೆ.

ನನ್ನ ಲೆಕ್ಕ ಸರಿಯಿದ್ದರೆ ನೀವೂ ನಿಮ್ಮ ಯಜಮಾನರು ಶಿವಯೋಗಿಯವರೂ ಈಗಷ್ಟೇ ನಾರ್ವೆ ಸುತ್ತಿ ದಾವಣಗೆರೆಗೆ ಮರಳಿದ್ದೀರಿ. ಮದುವೆ ಫೋಟೊ ತೆಗೆಯುವ ನಿಮ್ಮ ಸ್ಟುಡಿಯೊದ ಒಳಕೋಣೆಯಲ್ಲಿ ಕೂತು, ಬಾಡಿಗೆ ಕಾರಿನಲ್ಲಿ ಅಲೆದು ತೆಗೆದ ಹಿಮದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದೊಂದಾಗಿ ತೊಳೆದು ಚೊಕ್ಕ ಮಾಡುತ್ತಿದ್ದೀರಿ. ಅವುಗಳಲ್ಲಿ ಒಂದು ಚಿತ್ರದಲ್ಲಿ ಮೂರು ಶಿಖರಗಳ ಬಿಳಿ ಗುಡ್ಡವಿದೆ, ಅದರ ಬುಡದಲ್ಲಿ ಕೊಲ್ಲಿಯ ಕಪ್ಪು ನೀರಿದೆ. ಅದೇ ನಮ್ಮ ಮೂಲಚಿತ್ರ. ಹೌದು ಅಜ್ಜಿ, ಒಂದು ಊರಿಗೆ ಊರೇ ನಿಮ್ಮ ಆ ಫೋಟೊವನ್ನು ನಂಬಿ ಬದುಕುತ್ತಿದೆ.

ನಿಮ್ಮ ಮರಿಮಕ್ಕಳ ಮರಿಮಕ್ಕಳು ದಕ್ಷಿಣದ ಬಿಸಿಲು ತಾಳಲಾರದೆ ಬಡಗಣಕ್ಕೆ ಹೊರಟಾಗ, ದಾರಿ ಹೇಳುವವರು ಯಾರೂ ಇರಲಿಲ್ಲ. ಅಷ್ಟು ಹೊತ್ತಿಗೆ ನಕ್ಷೆಗಳೆಲ್ಲ ಸತ್ತ ಯಂತ್ರಗಳ ಹೊಟ್ಟೆಯೊಳಗೆ ಸೇರಿಹೋಗಿದ್ದವು. ಮನೆಯ ಗೋಡೆಯ ಮೇಲಿದ್ದ ನಿಮ್ಮ ಚಿತ್ರವನ್ನು ಸುತ್ತಿ ಹೆಗಲಿಗೇರಿಸಿಕೊಂಡು, ಆ ಮೂರು ಶಿಖರಗಳನ್ನೇ ಹುಡುಕುತ್ತಾ ಬಂದರು. ಸಿಕ್ಕವು. ಕೊಲ್ಲಿ ಖಾಲಿ ಬಿದ್ದಿತ್ತು, ಈ ನಾಡಿನವರು ಎಂದೋ ಒಳನಾಡಿಗೆ ಹೋಗಿಬಿಟ್ಟಿದ್ದರು. ಗುಡ್ಡದ ಮೇಲೆ ಹಿಮದ ಚೂರೂ ಇರಲಿಲ್ಲ, ಬರೀ ಹಸಿರು ಹುಲ್ಲು. ಅಲ್ಲೇ ನಿಂತೆವು. ಬಾರ್ಲಿ ಬೆಳೆದೆವು, ಬಾರ್ಲಿಯಲ್ಲೇ ಮುದ್ದೆ ಕಟ್ಟಿದೆವು. ಗಾಜುಮನೆಯಲ್ಲಿ ಮೆಣಸಿನಗಿಡ ಬೆಳೆಸಿ ಮಿರ್ಚಿ ಕರಿಯುವುದನ್ನೂ ಬಿಡಲಿಲ್ಲ. ಬೆಣ್ಣೆದೋಸೆ ಎಂಬ ಹೆಸರೂ ಉಳಿದಿದೆ, ಆದರೆ ಬೆಣ್ಣೆ ಇಲ್ಲ, ಮೀನೆಣ್ಣೆ ಸುರಿಯುತ್ತೇವೆ. ನೀವು ತಿಂದರೆ ಎದ್ದು ಓಡುತ್ತೀರಿ, ನಮಗೆ ಅದೇ ಪಂಚಾಮೃತ.

ಇಲ್ಲಿ ಬೆರಳಿಡುವ ಶಾಸ್ತ್ರ ಎಂದೊಂದಿದೆ. ಹೊಸದಾಗಿ ಮದುವೆಯಾದ ಹೆಣ್ಣು ಸಭಾಮನೆಯಲ್ಲಿ ಮೂಲಚಿತ್ರದ ಮುಂದೆ ನಿಂತು, ಅದರಲ್ಲಿ ಬಿಳುಪು ಎಲ್ಲಿ ನಿಚ್ಚಳವಾಗಿ ಕಾಣುತ್ತದೋ ಅಲ್ಲಿ ಬೆರಳಿಡಬೇಕು. ಆ ಜಾಗದ ಕೆಳಗೆ, ಗುಡ್ಡದ ಬುಡದಲ್ಲಿ ಅವಳ ಬೆಚ್ಚುಗೂಡು ಏಳುತ್ತದೆ. ನೆಲದ ಕಾವನ್ನೇ ಹೀರಿ ಬೆಚ್ಚಗಿರುವ ಗುಂಡನೆಯ ಮನೆಯನ್ನು ನಾವು ಹಾಗೆ ಕರೆಯುತ್ತೇವೆ. ಕಲೆಯಿಲ್ಲದ ಜಾಗದಲ್ಲಿ ಬಾಳು ಕಲೆಯಿಲ್ಲದೆ ಸಾಗುತ್ತದೆ ಎಂಬುದು ನಂಬಿಕೆ. ಚಿತ್ರದಲ್ಲಿ ಎಲ್ಲಕ್ಕಿಂತ ಚೊಕ್ಕವಾಗಿರುವುದು ನಡುಶಿಖರದ ಇಳಿಜಾರು. ಒಂದು ಗೆರೆ ಇಲ್ಲ, ಒಂದು ಚುಕ್ಕಿ ಇಲ್ಲ. ಹೆಚ್ಚಿನ ಹೆಣ್ಣುಮಕ್ಕಳು ಅಲ್ಲೇ ಬೆರಳಿಟ್ಟರು, ನನ್ನ ಹೊಂಬಾಳೆಯೂ ಅಲ್ಲೇ ಇಟ್ಟಳು. ಇವತ್ತು ಅರ್ಧ ಊರು ಆ ಇಳಿಜಾರಿನ ಬುಡದಲ್ಲಿದೆ.

ಈ ವರ್ಷ ಹಿಮ ಬಂತು. ಕಡಲಿನೊಳಗೆ ಹರಿಯುತ್ತಿದ್ದ ಬಿಸಿ ಹೊಳೆ ನಿಂತುಹೋಗಿದೆ, ಇನ್ನು ಚಳಿ ತಿರುಗಿ ಬರುತ್ತದೆ ಎಂದು ನಮ್ಮ ಹವೆಗಾರರು ಹೇಳುತ್ತಲೇ ಇದ್ದರು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹಿಮ ಕಂಡವರು ಯಾರೂ ಬದುಕಿಲ್ಲವಲ್ಲ! ಮೊದಲು ಬಿದ್ದ ದಿನ ಊರೆಲ್ಲ ಹೊರಗೆ ಬಂದು ಬಾಯಿ ತೆರೆದು ನಿಂತಿತು. ಕೆಲವರು ಕೈ ಮುಗಿದರು. ಚಿತ್ರದಲ್ಲಿ ಕಂಡು ಅದು ಹತ್ತಿಯಂತೆ ಬೆಚ್ಚಗಿರುತ್ತದೆ ಎಂದುಕೊಂಡಿದ್ದವರು ಅಂಗಾಲು ಸುಟ್ಟಂತಾಗಿ ಕುಣಿದರು. ನಮ್ಮ ಊರ ಹಿರಿಯ ರುದ್ರಣ್ಣ ಒಂದು ಹಿಡಿ ಹಿಮವನ್ನು ದೇವರ ಮುಂದಿಟ್ಟು ಸ್ನಾನಕ್ಕೆ ಹೋದ. ಬಂದು ನೋಡಿದರೆ ತಟ್ಟೆಯಲ್ಲಿ ನೀರು! ಕದ್ದವರು ಯಾರು ಎಂದು ಮನೆಯವರ ಮೇಲೆಲ್ಲ ಕೂಗಾಡಿದ. ಆಗ ನಕ್ಕಿದ್ದೆವು. ಹಿಮ ನಿಲ್ಲಲೇ ಇಲ್ಲ. ಈಗ ಕಿಟಕಿ ಅರ್ಧ ಮುಚ್ಚಿದೆ, ನಗು ಬರುತ್ತಿಲ್ಲ.

ಇನ್ನು ನನ್ನ ಎದೆ ಒಡೆದ ವಿಷಯಕ್ಕೆ ಬರುತ್ತೇನೆ. ನಾನು ಸದ್ದುಗಾರ್ತಿ. ಹಾಳಾದ ಹಳೆಯ ನೆನಪುಬಿಲ್ಲೆಗಳಿಂದ, ಅಂದರೆ ನಿಮ್ಮ ಕಾಲದ ಮೆಮೊರಿ ಕಾರ್ಡುಗಳಿಂದ, ಸದ್ದು ಬಿಡಿಸಿ ತೆಗೆಯುವುದು ನನ್ನ ಕೆಲಸ. ಮೂಲಚಿತ್ರದ ಜೊತೆಗೇ ಇಲ್ಲಿಗೆ ಬಂದ ನಿಮ್ಮ ಕ್ಯಾಮೆರಾ ಚೀಲದ ಒಳಜೇಬಿನ ಹೊಲಿಗೆಯಲ್ಲಿ ಸಿಕ್ಕಿಕೊಂಡಿದ್ದ ಬಿಲ್ಲೆಯೊಂದು ಕಳೆದ ವಾರ ನನ್ನ ಮೇಜಿಗೆ ಬಂತು. ಅದು ನಿಮ್ಮ ಫೋನಿನ ಬಿಲ್ಲೆ, ಫೋನು ಕೋಟಿನ ಜೇಬಿನೊಳಗೇ ತನ್ನಷ್ಟಕ್ಕೆ ಎಲ್ಲವನ್ನೂ ಮುದ್ರಿಸಿಕೊಂಡಿತ್ತು. ಚಿತ್ರ ಪೂರ್ತಿ ಕತ್ತಲು, ಸದ್ದು ಮಾತ್ರ ಸ್ಪಷ್ಟ. ನನ್ನ ಪೂರ್ವಜರ ದನಿ! ಕಣ್ಣಲ್ಲಿ ನೀರು ತುಂಬಿಕೊಂಡು ಕಿವಿಗೊಟ್ಟೆ. ಜಾರದಿರಲೆಂದು ಮೊಳೆ ಬಡಿದ ಕಾರಿನ ಚಕ್ರಗಳು ಹೆಪ್ಪುಗಟ್ಟಿದ ರಸ್ತೆಯನ್ನು ಕರಕರ ಕಡಿಯುತ್ತಿದ್ದವು. ತಿರುವು ಬಂದಾಗಲೆಲ್ಲ ನೀವು ನಿಲ್ಸ್ರೀ, ನಿಲ್ಸ್ರೀ ಎಂದು ಕೂಗುತ್ತಿದ್ದಿರಿ, ಶಿವಯೋಗಿಯವರು ಗೊಣಗುತ್ತಾ ಬ್ರೇಕು ಹಾಕುತ್ತಿದ್ದರು. ಚಳಿಗೆ ಸತ್ತುಹೋಗುವ ಬ್ಯಾಟರಿಯನ್ನು ಕಂಕುಳಲ್ಲಿಟ್ಟು ಕಾವು ಕೊಡುತ್ತಾ, ಲೆನ್ಸಿನ ಮೇಲೆ ಉಸಿರು ಬೀಳದಂತೆ ಮುಖ ಆಚೆ ತಿರುಗಿಸುತ್ತಾ, ಒಂದೇ ಒಂದು ಬಿಳಿ ಚಿತ್ರಕ್ಕಾಗಿ ಎಷ್ಟು ಒದ್ದಾಡಿದಿರಿ ತಾಯಿ, ಎಲ್ಲ ನಿಮ್ಮ ಬಾಯಿಂದಲೇ ಕೇಳಿದೆ! ಹಿಮದ ಉಂಡೆ ಮಾಡಿ ಗಂಡನಿಗೆ ಹೊಡೆದಿರಲ್ಲ, ಅದನ್ನೂ ಕೇಳಿದೆ. ನಾವು ತಟ್ಟೆಯಲ್ಲಿಟ್ಟು ಪೂಜಿಸಿದ್ದನ್ನು ನೀವು ಗಂಡನ ಕಾಲರಿನೊಳಗೆ ತುರುಕಿದ್ದಿರಿ.

ಆಮೇಲೆ ಗಾಡಿ ಮತ್ತೆ ನಿಂತಿತು. ನೀವು ಇಳಿದಿರಿ, ಮೂರು ಕಾಲಿನ ಸ್ಟ್ಯಾಂಡು ಹಿಮದಲ್ಲಿ ಹೂತುಹೋಗುತ್ತಿದೆ ಎಂದು ಬೈದುಕೊಂಡಿರಿ. ಮೂರು ಕೋಡಿನ ಗುಡ್ಡ, ಕೆಳಗೆ ಕರೀ ನೀರು, ಇದೇ ನನ್ನ ಫೋಟೊ ಎಂದು ಕುಣಿದಿರಿ. ಮುಂದಿನ ಮಾತುಗಳನ್ನು ಇದ್ದದ್ದು ಇದ್ದಂತೆ ಬರೆಯುತ್ತಿದ್ದೇನೆ. ಅವು ನಿಮ್ಮವೇ.

ಅಲ್ ನೋಡ್ರೀ, ನಡೂ ಗುಡ್ಡದ್ ಮೇಲೆ ಅದೇನ್ ಕಬ್ಬಿಣದ್ ಬೇಲಿ, ಸಾಲಿಗ್ ಸಾಲು ಹಾಕ್ಯಾರೆ. ಫೋಟೊನೇ ಕೆಡಿಸ್ತೈತೆ, ಎಂದಿರಿ ನೀವು.

ಅಷ್ಟರಲ್ಲಿ ಹಿಮ ಗುಡಿಸುವ ಲಾರಿಯೊಂದು ಬಂದು ನಿಂತ ಸದ್ದಾಯಿತು. ಚಾಲಕ ಯಾವುದೋ ಭಾಷೆಯಲ್ಲಿ ಏನೋ ಹೇಳಿದ. ಶಿವಯೋಗಿಯವರು ಅದನ್ನು ನಿಮಗೆ ತಿಳಿಸಿದರು. ಇಲ್ ಜಾಸ್ತಿ ಹೊತ್ತು ನಿಲ್ಬ್ಯಾಡ್ರಿ ಅಂತಾನೆ ಕಣೇ. ಆ ಬೇಲಿ ಇಲ್ದಿದ್ರೆ ಗುಡ್ಡದ್ ಹಿಮ ಎಲ್ಲಾ ಒಮ್ಮೆಗೇ ಜಾರಿ ಕೆಳಗ್ ಬರ್ತೈತಂತೆ. ಹಿಂದೆ ಇಲ್ಲೊಂದು ಊರಿತ್ತಂತೆ.

ಇತ್ತಂತೆ! ಆ ಒಂದು ಮಾತಿಗೆ ಕುರ್ಚಿಯಿಂದ ಎದ್ದುಬಿಟ್ಟೆ. ಅದಕ್ಕೆ ನೀವು ಏನೆಂದಿರಿ, ನೆನಪಿದೆಯೇ?

ಅಯ್ಯೋ ಪಾಪ. ಸರಿ, ಸ್ವಲ್ಪ ಆಕಡಿ ಸರೀರಿ, ನಿಮ್ ನೆರಳು ಬೀಳ್ತೈತೆ. ಬೇಲೀನ ಊರಿಗ್ ಹೋದ್ಮೇಲೆ ಅಳಿಸ್ತೀನಿ, ಮದುಮಗಳ ಕೆನ್ನೆ ಮೇಲಿನ್ ಮೊಡವೆ ತೆಗ್ದಂಗೆ.

ಅಲ್ಲ ಅಜ್ಜಿ, ನಿಮಗೇನು ತಲೆ ಕೆಟ್ಟಿತ್ತೇ? ಮೊಡವೆಯೇ ಅದು? ಸಾವಿರ ಮದುವೆಗಳಲ್ಲಿ ಚಪ್ಪರದ ಗಳ, ಬಾಡಿಗೆ ಕುರ್ಚಿ, ಹಿಂದೆ ನಿಂತು ಆಕಳಿಸುವ ಸೋದರಮಾವ, ಎಲ್ಲವನ್ನೂ ಅಳಿಸಿ ಅಳಿಸಿ ನಿಮ್ಮ ಕೈಗೆ ಅದೇ ರೂಢಿಯಾಗಿಬಿಟ್ಟಿತ್ತು. ಚೆಂದ ಕಾಣದ್ದೆಲ್ಲ ಕಸ. ಎರಡು ದಿನ ಸಭಾಮನೆಯಲ್ಲಿ ಆ ಚಿತ್ರದ ಮುಂದೆ ನಿಂತು, ನಡುಶಿಖರವನ್ನು ಕಣ್ಣು ನೋಯುವಷ್ಟು ನೋಡಿದೆ. ಎಷ್ಟು ನಯವಾಗಿ ಅಳಿಸಿದ್ದೀರಿ! ಬೇಲಿಯ ನೆರಳನ್ನೂ ಬಿಟ್ಟಿಲ್ಲ. ನಿಮ್ಮ ಕೈಚಳಕ ನೋಡಿ ಹೆಮ್ಮೆಪಡಬೇಕೋ, ಎದೆ ಬಡಿದುಕೊಳ್ಳಬೇಕೋ ತಿಳಿಯಲಿಲ್ಲ. ನೀವು ಅಳಿಸಿದ್ದು ಚಿತ್ರದಿಂದ, ಆಮೇಲೆ ತುಕ್ಕು ಆ ಕಬ್ಬಿಣವನ್ನು ಗುಡ್ಡದಿಂದಲೂ ಅಳಿಸಿತು. ಈಗ ಗುಡ್ಡ ನಿಮ್ಮ ಚಿತ್ರದ ಹಾಗೆಯೇ ಇದೆ, ಗೆರೆಯಿಲ್ಲ, ಚುಕ್ಕಿಯಿಲ್ಲ, ತಡೆಯೂ ಇಲ್ಲ.

ಊರಿಗೆಲ್ಲ ಹೇಳಿದೆ. ಗಂಟಲು ಹರಿಯುವಂತೆ ಕೂಗಿ ಹೇಳಿದೆ, ಸಭೆ ಸೇರಿಸಿ ನಿಮ್ಮ ದನಿ ಕೇಳಿಸಿದೆ. ರುದ್ರಣ್ಣ ತಲೆದೂಗಿ ಕೇಳಿದ. ಕೇಳಿದ ಮೇಲೆ ಎದ್ದು ನಿಂತು, ಅವ್ರು ಎಷ್ಟ್ ಗುಡ್ಡ ಸುತ್ಯಾರೋ ಯಾರಿಗ್ ಗೊತ್ತು ಕೆಂಚಮ್ಮ, ಇದು ಇನ್ಯಾವ್ದೋ ಗುಡ್ಡದ್ ಮಾತು, ಮೂಲಚಿತ್ರದಾಗೆ ಬೇಲಿ ಎಲ್ಲೈತೆ ತೋರ್ಸು ಎಂದ. ಏನು ತೋರಿಸಲಿ? ಗುಡ್ಡ ಹತ್ತಿ ತುಕ್ಕು ಹಿಡಿದ ಕಂಬದ ಬುಡವನ್ನಾದರೂ ಹುಡುಕೋಣ ಎಂದರೆ ಎಲ್ಲವೂ ಆಳುದ್ದ ಹಿಮದಡಿ ಹೂತಿದೆ. ಅವನು ಕೆಟ್ಟವನಲ್ಲ ಅಜ್ಜಿ, ಅವನ ಮೂವರು ಮೊಮ್ಮಕ್ಕಳೂ ಅದೇ ಇಳಿಜಾರಿನ ಬುಡದಲ್ಲಿದ್ದಾರೆ. ಆ ಚಿತ್ರ ಸುಳ್ಳಾದರೆ ಇಷ್ಟು ದಿನ ಹಿಡಿದುಕೊಂಡದ್ದೆಲ್ಲ ಕೈಬಿಟ್ಟುಹೋಗುತ್ತದಲ್ಲ, ಅದಕ್ಕೆ ಅವನಿಗೆ ಎದೆ ಸಾಲದು.

ಹೊಂಬಾಳೆಯ ಕಾಲು ಹಿಡಿಯುವುದೊಂದು ಬಾಕಿ. ಬಾಣಂತಿ ನಾನು, ಈ ಚಳಿಯಾಗೆ ಕೂಸು ಎತ್ಕಂಡು ಎಲ್ಲಿಗ್ ಬರ್ಲಿ, ಬೆರಳಿಟ್ ಜಾಗ ಬಿಟ್ರೆ ಕೇಡಂತೆ, ನಿಂಗೆ ಮೊದ್ಲಿಂದ್ಲೂ ಎಲ್ಲದ್ಕೂ ಹೆದ್ರಿಕೆ ಎಂದು ನನಗೇ ಬುದ್ಧಿ ಹೇಳಿದಳು. ಹಟ ಯಾರ ಕಡೆಯಿಂದ ಬಂತೋ, ನಿಮ್ಮನ್ನೇ ಕೇಳಬೇಕು. ಅವಳು ಬರುವುದಿಲ್ಲ ಎಂದ ಮೇಲೆ ನಾನೇ ಬಂದೆ. ಅವಳ ಬೆಚ್ಚುಗೂಡಿನ ಬಾಗಿಲ ಬಳಿ ಚಾಪೆ ಹಾಕಿಕೊಂಡು ಕೂತು ಇದನ್ನು ಬರೆಯುತ್ತಿದ್ದೇನೆ. ಕೂಸು ಹೆಣ್ಣು. ಚಿತ್ರ ಕೊಟ್ಟ ಮಹಾತಾಯಿಯ ಹೆಸರಿಡಬೇಕೆಂದು ಆಸೆಪಟ್ಟು ಮಂದಾಕಿನಿ ಎಂದು ಕರೆಯುತ್ತಿದ್ದಾಳೆ. ಕೇಳಿದಾಗಲೆಲ್ಲ ಆ ಬೇಲಿ ನೆನಪಾಗುತ್ತದೆ, ಆದರೂ ಆ ಹೆಸರಿಂದಲೇ ಎತ್ತಿ ಮುದ್ದಾಡುತ್ತೇನೆ.

ಸಿಟ್ಟಿನಲ್ಲಿ ಏನೇನೋ ಅಂದೆ. ನೀವು ಹಡೆದ ಬಳ್ಳಿಯ ಕುಡಿಯಲ್ಲವೇ ನಾನು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಬೇಡುವುದು ಇಷ್ಟೇ. ಆ ಬೇಲಿಯನ್ನು ಇದ್ದಲ್ಲೇ ಬಿಡಿ. ಗೆರೆಗೆರೆಯಾಗಿ, ಕಪ್ಪುಕಪ್ಪಾಗಿ, ನೋಡಿದವರು ಇದೇನು ಗುಡ್ಡದ ಮೈಗೆ ಹೊಲಿಗೆ ಹಾಕಿದ್ದಾರಾ ಎಂದು ಕೇಳುವಂತೆಯೇ ಇರಲಿ. ಯಾರೂ ಮೆಚ್ಚದಿದ್ದರೆ ಬೇಡ, ಬಹುಮಾನ ಬರದಿದ್ದರೆ ಬೇಡ. ನಿಮ್ಮ ಮಕ್ಕಳು ಕೇಳಿದರೆ ಲಾರಿಯವನು ಹೇಳಿದ ಮಾತನ್ನು ಅವರಿಗೂ ಹೇಳಿ, ಅವರ ಮಕ್ಕಳಿಗೂ ಹೇಳಲು ಹೇಳಿ. ಬೆರಳಿಡುವ ಹೆಣ್ಣುಮಕ್ಕಳು ಗೆರೆ ಕಂಡು ಕೈ ಹಿಂದಕ್ಕೆಳೆದುಕೊಂಡು, ಆಚೆಬದಿಯ ಚಿಕ್ಕ ಶಿಖರದ ಬುಡದಲ್ಲಿ ಬೆರಳಿಟ್ಟರೆ ಸಾಕು.

ಮೂಲಚಿತ್ರದ ಪ್ರತಿಯೊಂದು ಈ ಮನೆಯ ಗೋಡೆಯ ಮೇಲೂ ಇದೆ, ನನ್ನ ಎದುರಿಗೇ. ಪತ್ರ ಕಳಿಸಿದವಳೇ ತಲೆಯೆತ್ತಿ ಅದನ್ನು ನೋಡುತ್ತೇನೆ. ನಡುಶಿಖರದ ಮೇಲೆ ಗೆರೆಗಳು ಮೂಡಿದರೆ ಪತ್ರ ನಿಮಗೆ ಮುಟ್ಟಿತೆಂದು ಅರ್ಥ. ಆದರೆ ಆಗ ಈ ಗೋಡೆ ಇಲ್ಲಿರುವುದಿಲ್ಲ, ಈ ಮನೆ ಇಲ್ಲಿರುವುದಿಲ್ಲ, ನಾನು ನಿಮ್ಮನ್ನು ಬೈದದ್ದೂ ಇರುವುದಿಲ್ಲ. ಆಚೆಬದಿಯ ಮನೆಯಲ್ಲಿ ಮೊಮ್ಮಗಳಿಗೆ ಎಣ್ಣೆ ಹಚ್ಚುತ್ತಾ, ಸಭಾಮನೆಯಲ್ಲಿರುವ ಆ ಬೇಲಿಯ ಚಿತ್ರ ಅದೆಷ್ಟು ಕೆಟ್ಟದಾಗಿದೆ, ತೆಗೆದ ಪುಣ್ಯಾತ್ಗಿತ್ತಿ ಯಾರೋ ಏನೋ ಎಂದು ಆಡಿಕೊಳ್ಳುತ್ತಿರುತ್ತೇನೆ. ಹಾಗೆ ಆಡಿಕೊಂಡರೆ ಬೇಜಾರು ಮಾಡಿಕೊಳ್ಳಬೇಡಿ.

ಗುಡ್ಡದ ಕಡೆಯಿಂದ ಏನೋ ಮುರಿದಂತೆ ಸದ್ದು ಬಂತು. ಹೊಂಬಾಳೆ ಕೂಸಿಗೆ ಹಾಲು ಕುಡಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಾಳೆ. ಮೊದಲ ಸಲ ಅವಳ ಕಣ್ಣಲ್ಲಿ ಹೆದರಿಕೆ ಕಂಡೆ. ಕಳಿಸುತ್ತಿದ್ದೇನೆ.

ಅಳಿಸಬೇಡಿ, ಅಜ್ಜಿ.

ನಿಮ್ಮ
ಕೆಂಚಮ್ಮ