ಮೂರು ಬದಿಯ ತೊಟ್ಟಿಲು

ಫೆಬ್ರವರಿ 6, 1989. ಸೋಮವಾರ

ನೀರು ಐದೂಕಾಲಿಗೇ ಬಂತು. ಎರಡು ಡ್ರಮ್, ನಾಲ್ಕು ಕೊಡ, ಇದ್ದಬದ್ದ ಪಾತ್ರೆ. ತುಂಬಿಸಿ ಮುಗಿಸುವಷ್ಟರಲ್ಲಿ ಅಳಿಯ ಶೇಖರನ ಡಬ್ಬಿಗೆ ಹೊತ್ತಾಗಿತ್ತು. ಎಂಟೂಹತ್ತರ ಲೋಕಲ್ ತಪ್ಪಿದರೆ ಆಫೀಸಿನ ಹಾಜರಿಯಲ್ಲಿ ಕೆಂಪು ಗೆರೆಯಂತೆ. ಓಡಿದ.

ರಮಾಮಣಿ ಕಾಲ ಕೆಳಗೆ ದಿಂಬಿಟ್ಟುಕೊಂಡು ಮಲಗಿದ್ದಾಳೆ. ಏಳನೆಯ ತಿಂಗಳಿಂದ ಬೆಡ್ ರೆಸ್ಟ್. ರೈಲು ಪ್ರಯಾಣ ಕೂಡದು ಎಂದರು ಡಾಕ್ಟರ್. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬರಬೇಕಿತ್ತು. ತವರೇ ಮೈಸೂರಿಂದ ಚೆಂಬೂರಿಗೆ ಬಂದು ಕೂತಿದೆ. ಇವಳಪ್ಪ ಹೋದ ಮೇಲೆ ತವರೆಂದರೆ ನಾನೊಬ್ಬಳೇ ತಾನೆ.

ಸಂಜೆ ಶೇಖರ ಟೇಪು ಹಿಡಿದು ರೂಮು ಅಳೆದ. ಮಂಚ, ಕಬ್ಬಿಣದ ಬೀರು, ನನ್ನ ಚಾಪೆ — ಅಷ್ಟಕ್ಕೇ ರೂಮು ಮುಗಿಯಿತು. ಮಗು ಎಲ್ಲಿ ಮಲಗಬೇಕು?

"ನನ್ನ ಪಕ್ಕದಲ್ಲೇ ಮಲಗಿಸ್ಕೋತೀನಿ, ಬಿಡಿ" ಎಂದಳು ರಮಾ.

"ಕೂಡದು" ಎಂದೆ. ಜೋರಾಗಿಯೇ ಬಂತು. ಇಬ್ಬರೂ ನನ್ನ ಮುಖ ನೋಡಿದರು. ಮೂವತ್ತೆರಡು ವರ್ಷ ಪ್ರೈಮರಿ ಸ್ಕೂಲಿನಲ್ಲಿ ಕಿರುಚಿದ ಗಂಟಲು, ತಗ್ಗೋದಿಲ್ಲ ಎಂದು ನಕ್ಕುಬಿಟ್ಟೆ.

ಫೆಬ್ರವರಿ 8. ಮಧ್ಯಾಹ್ನ

"ಅಮ್ಮಾ, ಅಟ್ಟದ ಮೇಲಿನ ತೊಟ್ಟಿಲು ಯಾಕೆ ತರ್ಲಿಲ್ಲ? ನಾನು ಮಲಗಿದ್ದು ಅದರಲ್ಲೇ ಅಲ್ವಾ?"

"ಗೆದ್ದಲು ಹಿಡೀತು."

ಸುಳ್ಳು. ಬೀಟೆಯ ತೊಟ್ಟಿಲು. ಕಲ್ಲಿನ ಹಾಗಿದೆ.

ರಮಾ ಗೋಡೆ ನೋಡುತ್ತಾ ಹೇಳಿದಳು — "ನಂಗೆ ಜ್ಞಾಪಕ ಇದೆ ಅಮ್ಮ. ಜ್ವರ ಬಂದು ನಿನ್ನ ಹಾಸಿಗೆಗೆ ಬಂದಿದ್ದೆ. ಎತ್ಕೊಂಡು ಹೋಗಿ ನನ್ನ ಹಾಸಿಗೇಲೇ ಮಲಗಿಸಿದೆ. ಒಂದು ದಿನಾನೂ ಪಕ್ಕದಲ್ಲಿ ಮಲಗಿಸ್ಕೊಂಡಿಲ್ಲ ನೀನು." ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ವಾಸಿಯಿತ್ತು. "ನನ್ನ ಮಗೂನ ಹಾಗೆ ಬೆಳೆಸಲ್ಲ" ಎಂದಳು.

ಸಾರಿಗೆ ಒಗ್ಗರಣೆ ಹಾಕುವ ನೆವದಲ್ಲಿ ಎದ್ದು ಬಂದೆ.

ಬರೆದುಬಿಡುತ್ತೇನೆ. ಓದುವವರು ಯಾರಿದ್ದಾರೆ? ನನ್ನ ಮೊದಲ ಮಗು, ಗಂಡು, ನನ್ನ ಪಕ್ಕದಲ್ಲಿ ಮಲಗಿದ್ದಾಗಲೇ ಹೋಯಿತು. ಒಂಬತ್ತನೆಯ ದಿನ. ಬಾಲಗ್ರಹ ಎಂದರು ಅತ್ತೆ. ಬಾಲಗ್ರಹ ಎಂದಿತು ಊರೆಲ್ಲ. ರಮಾಗೂ ಅಷ್ಟೇ ಗೊತ್ತು. ಬಾಲಗ್ರಹ ಹೌದೋ ಅಲ್ಲವೋ ನನಗೆ ಗೊತ್ತಿಲ್ಲ. ನನ್ನ ಕೈ ಎಲ್ಲಿತ್ತು ಎನ್ನುವುದು ಗೊತ್ತು.

ಈ ಮಗುವಿಗೆ ಹಾಗಾಗಕೂಡದು. ಅದಕ್ಕೇ ಬಂದಿದ್ದೇನೆ. ಅಡುಗೆ, ಬಾಣಂತನ ಎಲ್ಲ ಆಮೇಲೆ.

ಫೆಬ್ರವರಿ 12, ಭಾನುವಾರ

ಶೇಖರನ ಜೊತೆ ದಾದರಿಗೆ ಹೋಗಿದ್ದೆ. ಕೊಳ್ಳುವುದಕ್ಕಲ್ಲ, ನೋಡುವುದಕ್ಕೆ. ಹುಟ್ಟುವ ಮೊದಲೇ ತೊಟ್ಟಿಲು ಮನೆಗೆ ತರುವಂತಿಲ್ಲ, ಖಾಲಿ ತೊಟ್ಟಿಲು ಮನೆಯಲ್ಲಿ ಇರುವಂತಿಲ್ಲ. ಅದನ್ನು ಮೀರುವ ಧೈರ್ಯ ನನಗೂ ಇಲ್ಲ.

ಮೊದಲ ಅಂಗಡಿಯಲ್ಲಿ ಬೆತ್ತದ್ದು. ಬೆರಳು ಸಿಕ್ಕಿಕೊಳ್ಳುತ್ತದೆ. ಎರಡನೆಯದರಲ್ಲಿ ಸ್ಟೀಲಿನದು — ಗಿಲಕಿ, ಗಿಳಿ, ಸೊಳ್ಳೆಪರದೆ ಎಲ್ಲ ಇವೆ, ಕಾಲು ಮಾತ್ರ ನೆಟ್ಟಗಿಲ್ಲ. ಮೂರನೆಯವನು ಬಟ್ಟೆಯ ಜೋಲಿ ತೋರಿಸಿದ. ಸೂರಿನ ಕೊಕ್ಕೆಗೆ ಕಟ್ಟಬೇಕಂತೆ. ನಮ್ಮ ಬಿಲ್ಡಿಂಗಿನ ಸೂರಿನಿಂದ ಸಾರಿನ ಪಾತ್ರೆಗೇ ಸಿಮೆಂಟ್ ಉದುರುತ್ತದೆ. "ಮಾಜೀ, ಬಚ್ಚಾ ಏಕ್ ಮಿನಿಟ್ ಮೇ ಸೋ ಜಾಯೇಗಾ" ಎಂದ.

"ಮಲಗೋದು ದೊಡ್ಡದಲ್ಲಪ್ಪ, ಏಳೋದು ದೊಡ್ಡದು" ಎಂದೆ ಕನ್ನಡದಲ್ಲೇ. ಅವನು ತಲೆಯಾಡಿಸಿದ. ಶೇಖರನಿಗೆ ನಗು.

ಕುರ್ಲಾದಲ್ಲಿ ಗಾಡಿ ಬದಲಾಯಿಸುವಾಗ ಶೇಖರ ಕೇಳಿದ — "ಅತ್ತೆ, ಮೂರು ಅಂಗಡಿ ಆಯ್ತು. ನಿಮಗೆ ಬೇಕಾಗಿರೋದು ಏನು ಅಂತ ಹೇಳಿ. ಮಗು ದೂರ ಇರ್ಬೇಕಾ, ಹತ್ರ ಇರ್ಬೇಕಾ?"

ಇಂಥ ನೇರ ಪ್ರಶ್ನೆ ಯಾರೂ ಕೇಳಿರಲಿಲ್ಲ. "ಅವಳ ಕೈಗೆ ಸಿಗ್ಬೇಕು. ಮೈಗೆ ಸಿಗ್ಬಾರ್ದು" ಎಂದೆ. ಜನ ನುಗ್ಗುತ್ತಿದ್ದರು, ಅವನಿಗೆ ಕೇಳಿಸಿತೋ ಇಲ್ಲವೋ ಎಂದುಕೊಂಡೆ.

ಫೆಬ್ರವರಿ 15

ಕೇಳಿಸಿತ್ತು. ಡ್ರಾಫ್ಟ್ಸ್‌ಮನ್ ಅಳಿಯ ಸಿಕ್ಕಿದ್ದಕ್ಕೆ ಇದೊಂದು ಲಾಭ. ಆಫೀಸಿನ ದೊಡ್ಡ ಹಾಳೆಯಲ್ಲಿ ಗೆರೆ ಎಳೆದುಕೊಂಡು ಬಂದಿದ್ದಾನೆ. ಮಂಚದಷ್ಟೇ ಎತ್ತರದ ಪುಟ್ಟ ಮಂಚ. ಮೂರು ಬದಿಗೆ ಕಟಕಟೆ. ನಾಲ್ಕನೆಯ ಬದಿ ತೆರೆದು, ರಮಾ ಮಲಗುವ ಮಂಚಕ್ಕೆ ಅಂಟಿಕೊಂಡು ನಿಲ್ಲುತ್ತದೆ. ಕಾಲಿಗೆ ಕಾಲು ಬೆಲ್ಟಿನಿಂದ ಬಿಗಿಯಬೇಕು. ರಮಾ ಮಲಗಿದಲ್ಲಿಂದಲೇ ಕೈ ಚಾಚಬಹುದು, ತಟ್ಟಬಹುದು, ಎಳೆದುಕೊಂಡು ಹಾಲು ಕೊಡಬಹುದು. ತೆರೆದ ಬದಿಗೆ ನಾಲ್ಕು ಬೆರಳು ಎತ್ತರದ ಪಟ್ಟಿ ಇರಲಿ ಎಂದೆ, ಅವಳು ಹೊರಳಿದರೆ ತಡೆಯುವ ಹಾಗೆ. ಪೆನ್ಸಿಲ್ ತೆಗೆದು ಸೇರಿಸಿದ.

ರಸ್ತೆಮೂಲೆಯ ನಾಕಾದ ಬಡಗಿ, ಮಿಸ್ತ್ರಿ, ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಯೇ ಪಾಲನಾ ಹೈ ಯಾ ಸ್ಟೂಲ್?" ತೊಟ್ಟಿಲೋ ಸ್ಟೂಲೋ ಎಂದು ಅವನಿಗೇ ಅನುಮಾನ. ಮಗು ಹುಟ್ಟುವವರೆಗೆ ಅವನ ಅಂಗಡಿಯಲ್ಲೇ ಇರಲಿ ಎಂದು ಮಾತಾಯಿತು.

ರಮಾಳನ್ನು ನಾನು ಗೋಡೆಯ ಪಕ್ಕಕ್ಕೆ ತಳ್ಳಿ ಕಾಪಾಡಿದೆ. ಇಂಥದ್ದೊಂದು ಮಾಡಿಸಬಹುದು ಎಂದು ಆಗ ಹೊಳೆಯಲೇ ಇಲ್ಲವಲ್ಲ. ಬಡ್ಡಿಮಗಂದು ಬುದ್ಧಿ, ಈಗ ಬರುತ್ತದೆ.

ಫೆಬ್ರವರಿ 22, ಬುಧವಾರ. ಸಂಜೆ

ಹೆಣ್ಣು. ಸಿಜೇರಿಯನ್. ಎರಡೂಮುಕ್ಕಾಲು ಕೆಜಿ. ಇಬ್ಬರೂ ಕ್ಷೇಮ. ಇವತ್ತಿಗೆ ಇಷ್ಟು ಸಾಕು.

ಫೆಬ್ರವರಿ 26

ಆಸ್ಪತ್ರೆಯಲ್ಲಿ ಪ್ರತಿ ಮಂಚದ ಪಕ್ಕಕ್ಕೂ ಕಬ್ಬಿಣದ ಒಂದು ಪುಟ್ಟ ತೊಟ್ಟಿಲು. ಹಾಲು ಕುಡಿಸಿದ ತಕ್ಷಣ ಆಯಾ ಎತ್ತಿ ಅದರಲ್ಲಿ ಹಾಕುತ್ತಾಳೆ. ಯಾರೂ ಚಕಾರವೆತ್ತುವುದಿಲ್ಲ. ನಾನು ಕುರ್ಚಿಯಲ್ಲೇ ತೂಕಡಿಸಿದೆ. ಎಷ್ಟೋ ದಿನದ ಮೇಲೆ ಒಳ್ಳೆಯ ನಿದ್ದೆ.

ಮಾರ್ಚ್ 1, ಬುಧವಾರ

ನಿನ್ನೆ ಮನೆಗೆ ಬಂದೆವು. ಮಿಸ್ತ್ರಿ, ಶೇಖರ ಇಬ್ಬರೂ ಸೇರಿ ಮಂಚಕ್ಕೆ ಜೋಡಿಸಿದರು. ಒಂದು ನೂಲಿನಷ್ಟೂ ಸಂದಿಲ್ಲ. ಮಗುವನ್ನು ಮಲಗಿಸಿ ಕಣ್ಣು ತುಂಬ ನೋಡಿದೆ.

ಅದು ಒಂದೇ ದಿನ. ಇವತ್ತು ಬೆಳಿಗ್ಗೆ ಬೀಗಿತ್ತಿ, ಶೇಖರನ ತಾಯಿ ಸುಬ್ಬಲಕ್ಷ್ಮಿ, ತುಮಕೂರಿಂದ ಬಂದರು. ಕೈಕಾಲು ತೊಳೆದು ಒಳಗೆ ಬಂದವರು ಅಲ್ಲೇ ನಿಂತರು.

"ಅಯ್ಯೋ, ಇದೇನ್ರೀ! ಹನ್ನೊಂದು ದಿನ ಆಗೋಕ್ಕೆ ಮುಂಚೆ ಮಗೂನ ತೊಟ್ಟಿಲಿಗೆ ಹಾಕ್ತಾರಾ? ಮೊದಲು ಗುಂಡುಕಲ್ಲು ಮಲಗಿಸಿ ಆಮೇಲೆ ಮಗು. ನಿಮಗೆ ನಾನು ಹೇಳ್ಬೇಕಾ?"

"ಆಸ್ಪತ್ರೇಲಿ ಏಳು ದಿನ ತೊಟ್ಟಿಲಲ್ಲೇ ಇತ್ತಲ್ಲ" ಎಂದೆ.

"ಆಸ್ಪತ್ರೆ ಬೇರೆ, ಮನೆ ಬೇರೆ." ಮಗುವನ್ನು ಎತ್ತಿ ರಮಾಳ ಪಕ್ಕ ಮಲಗಿಸಿದರು. ರಮಾ ಅದನ್ನು ಎದೆಗವಚಿಕೊಂಡಳು. ಅವಳ ಮುಖದ ಸುಖ ನೋಡಿ ನಾನು ಬಾಯಿ ಮುಚ್ಚಿದೆ. ತೊಟ್ಟಿಲಲ್ಲಿ ಈಗ ಮಡಿಸಿದ ಬಟ್ಟೆ ಇದೆ.

ಒಳ್ಳೆಯ ಹೆಂಗಸು. ಸಿಟ್ಟು ಬರಿಸುವಷ್ಟು ಒಳ್ಳೆಯವರು. ನಾಳೆಯಿಂದ ತಲೆಗೆ ಎಣ್ಣೆನೀರು ತಾವೇ ಹಾಕುತ್ತಾರಂತೆ. ನಾಳೆ ಒಂಬತ್ತನೆಯ ದಿನ.

ಮಾರ್ಚ್ 2. ಬೆಳಿಗ್ಗೆ

ಕೂತೇ ಇದ್ದೆ. ಬೆಳಗಾಯಿತು. ಮಗು ಚೆನ್ನಾಗಿದೆ.

ಮಾರ್ಚ್ 2. ಸಂಜೆ 5

ಹೇಳಿಬಿಟ್ಟೆ.

ಎಣ್ಣೆನೀರು ಆಯಿತು. ಸಾಂಬ್ರಾಣಿ, ಮೆಣಸಿನ ಸಾರು ಅನ್ನ, ತುಪ್ಪ. ಅಷ್ಟು ಹೊತ್ತಿಗೆ ಕೆಳಗಿನ ಮನೆಯ ರುಕ್ಮಿಣಿಬಾಯಿ ಬಂದರು, ಧಾರವಾಡದವರು. ನಾಮಕರಣದ ಸಾಮಾನಿಗೆಂದು ಬೀಗಿತ್ತಿಯನ್ನು ಹೊರಡಿಸಿದರು. "ಬರ್ರಿ ಅಕ್ಕಾರ, ಮಾರ್ಕೆಟಿನ್ಯಾಗ ನಮ್ಮ ಮಂದಿ ಅಂಗಡಿ ಅದ. ಏನೂ ಕಾಳಜಿ ಮಾಡಬ್ಯಾಡ್ರಿ, ತಾಸಿನ್ಯಾಗ ಬರೋಣು." ಮನೆಯಲ್ಲಿ ನಾವೇ ಮೂವರು.

ರಮಾ ಮಲಗಿದಲ್ಲೇ ಹಾಲು ಕೊಡುತ್ತಿದ್ದಳು. ಎಣ್ಣೆನೀರಿನ ನಿದ್ದೆ ಹೇಗಿರುತ್ತದೆಂದು ನನಗೆ ಗೊತ್ತು. ನೋಡನೋಡುತ್ತಿದ್ದಂತೆ ಕಣ್ಣು ಮುಚ್ಚಿತು. ಕೈ ಜಾರಿತು. ಮಗುವಿನ ಮುಖ ನನಗೆ ಕಾಣಿಸಲಿಲ್ಲ.

ಹೋಗಿ ಎತ್ತಿಕೊಂಡೆ. ಮಗು ಕಿಟಾರನೆ ಕಿರುಚಿತು. ರಮಾ ದಡಬಡಿಸಿ ಏಳಲು ಹೋಗಿ ಹೊಲಿಗೆ ಹಿಡಿದುಕೊಂಡು ಅತ್ತಳು.

"ನನ್ನನ್ನಂತೂ ಹತ್ರ ಸೇರಿಸ್ಲಿಲ್ಲ. ನನ್ನ ಮಗೂನೂ ನನ್ನಿಂದ ಕಿತ್ಕೋತೀಯಾ? ಏನಮ್ಮ ನಿಂಗೆ? ನಾವು ಅಷ್ಟು ಅಸಹ್ಯಾನಾ?"

ಮಗುವನ್ನು ಬಟ್ಟೆಯ ರಾಶಿ ಸರಿಸಿ ತೊಟ್ಟಿಲಲ್ಲಿ ಇಟ್ಟೆ. ನೆಲದಲ್ಲಿ ಕೂತೆ. ಅವಳ ಮುಖ ನೋಡಲಾಗಲಿಲ್ಲ, ಮಂಚದ ಕಾಲಿಗೆ ಹೇಳಿದೆ.

ಹತ್ತೊಂಬತ್ತು ವರ್ಷ ನನಗೆ. ಒಂಬತ್ತನೆಯ ದಿನ. ಅತ್ತೆ ಎಣ್ಣೆನೀರು ಹಾಕಿದರು, ಹೊಟ್ಟೆ ತುಂಬ ಬಡಿಸಿದರು. ತೊಟ್ಟಿಲು ತೊಳೆದು, ಒರೆಸಿ, ನಡುಮನೆಯಲ್ಲಿ ಕಟ್ಟಿ ಆಗಿತ್ತು, ಇನ್ನೆರಡು ದಿನಕ್ಕೆ. ಅದರಲ್ಲಿ ಮಲಗಿಸಲೇ ಎಂದು ಕೇಳಿದೆ. ಹನ್ನೊಂದಾಗಲಿ ಎಂದರು. ಚಾಪೆಯ ಮೇಲೆ ಮಗ್ಗುಲಾಗಿ ಹಾಲು ಕೊಡುತ್ತಾ ಮಲಗಿದೆ. ಎಚ್ಚರವಾದಾಗ ಬಿಸಿಲು ಗೋಡೆ ಹತ್ತಿತ್ತು. ಮಗು ನನ್ನ ತೋಳಿನ ಕೆಳಗಿತ್ತು. ತೋಳು ತೆಗೆದೆ. ಅತ್ತೆಯನ್ನು ಕೂಗುವ ಮೊದಲು ತೋಳು ತೆಗೆದೆ. ಅದನ್ನು ಯಾರೂ ನೋಡಲಿಲ್ಲ.

"ನಿಮ್ಮಪ್ಪಂಗೂ ಹೇಳ್ಲಿಲ್ಲ. ಒಂದಲ್ಲ ಒಂದು ದಿನ ಹೇಳೋಣ ಅಂತಿದ್ದೆ, ಅವರೇ ಹೋಗ್ಬಿಟ್ರು" ಎಂದೆ. "ಹನ್ನೊಂದು ವರ್ಷದ ಮೇಲೆ ನೀನು ಹುಟ್ದೆ. ನಿನ್ನ ಪಕ್ಕ ಮಲಗೋಕೆ ನಂಗೆ ಆಸೆ ಇರ್ಲಿಲ್ವೇನೆ? ಭಯ ಕಣೆ. ನನ್ನ ಕೈ ಕಂಡ್ರೇ ಭಯ."

ಹಾಲಿನವನು ಬೆಲ್ ಮಾಡಿದ, ಹೋಗಿ ತಂದೆ. ಬರುವಷ್ಟರಲ್ಲಿ ರಮಾ ಗೋಡೆಗೆ ತಿರುಗಿದ್ದಳು. ಬಾಣಂತಿಗೆ ಹೇಳುವ ಮಾತೇ ಇದು? ಹೇಳಬಾರದಿತ್ತು. ಹೇಳಿದ್ದಕ್ಕೆ ಎದೆ ಹಗುರಾಗಿದೆ, ಅದಕ್ಕೂ ನಾಚಿಕೆ.

ಮಾರ್ಚ್ 3, ಶುಕ್ರವಾರ

ನಿನ್ನೆ ದೀಪ ಹಚ್ಚುವ ಹೊತ್ತಿಗೆ ಬೀಗಿತ್ತಿ ಮಗುವನ್ನು ತೊಟ್ಟಿಲಿಂದ ಎತ್ತಲು ಹೋದರು. ರಮಾ ಗೋಡೆಯಿಂದ ತಿರುಗಿದಳು.

"ಇರ್ಲಿ ಅತ್ತೆ. ಅಲ್ಲೇ ಇರ್ಲಿ."

"ತೊಟ್ಟಿಲು ಕಣಮ್ಮ, ಇನ್ನೂ ಎರಡು ದಿನ..."

"ತೊಟ್ಟಿಲು ಅಂದ್ರೆ ತೂಗ್ಬೇಕು. ಇದು ತೂಗಲ್ವಲ್ಲ. ಇದು ಮಂಚದ್ದೇ ಒಂದು ತುಂಡು."

ಬೀಗಿತ್ತಿ ಬಗ್ಗಿ, ಅಲ್ಲಾಡಿಸಿ ನೋಡಿದರು. ನಿಜವಾಗಿಯೂ ಅಲ್ಲಾಡಲಿಲ್ಲ. "ಹೌದಲ್ವೇ" ಎಂದರು. ಅಷ್ಟಕ್ಕೇ ಮುಗಿಯಿತು. ಅಷ್ಟು ಸುಲಭವಿತ್ತೇ? ನಲವತ್ತು ವರ್ಷದ ಹಿಂದೆ ಹೀಗೆ ಹೇಳುವವರು ಒಬ್ಬರಿದ್ದಿದ್ದರೆ... ಒಲೆಯ ಮುಂದೆ ನಿಂತು ಅತ್ತುಬಿಟ್ಟೆ. ಯಾರೂ ನೋಡಲಿಲ್ಲ.

ರಮಾ ನನ್ನ ಜೊತೆ ಇನ್ನೂ ಮಾತಾಡಿಲ್ಲ. ಮಗ್ಗುಲಾಗಿ, ಪಟ್ಟಿಯ ಮೇಲಿಂದ ಕೈ ಚಾಚಿ ಮಗುವಿನ ಹೊಟ್ಟೆಯ ಮೇಲಿಟ್ಟುಕೊಂಡು ಮಲಗುತ್ತಾಳೆ.

ಮಾರ್ಚ್ 4, ಶನಿವಾರ

ನಾಮಕರಣವಾಯಿತು. ಮಿಕ್ಸಿಯ ಮನೆಯಲ್ಲಿ ಗುಂಡುಕಲ್ಲೆಲ್ಲಿ? ರುಕ್ಮಿಣಿಬಾಯಿ ತಮ್ಮ ಶುಂಠಿ ಜಜ್ಜುವ ಕಲ್ಲು ತಂದುಕೊಟ್ಟರು. ಅದಕ್ಕೇ ಕುಂಚಿಗೆ ಕಟ್ಟಿದರು. ರೇಷ್ಮೆ ಸೀರೆಯ ನಾಲ್ಕು ತುದಿ ಹಿಡಿದು ಮೊದಲು ಕಲ್ಲನ್ನು, ಆಮೇಲೆ ಮಗುವನ್ನು ತೂಗಿದೆವು. ಬೀಗಿತ್ತಿಗೆ ಸಮಾಧಾನ. ತಟ್ಟೆಯ ಅಕ್ಕಿಯಲ್ಲಿ ಶೇಖರ ಚಿನ್ನದ ಉಂಗುರದಿಂದ ಹೆಸರು ಬರೆದ. ಭಾರ್ಗವಿ. ಡ್ರಾಯಿಂಗ್ ಅಕ್ಷರ, ಮುದ್ದಾಗಿತ್ತು.

ಬಂದವರು ಪಾಯಸ ಕುಡಿದು ಹೋದರು. ಬೀಗಿತ್ತಿ ಅಡುಗೆಮನೆಯಲ್ಲಿ. ಶೇಖರ ಬಾಡಿಗೆ ಪಾತ್ರೆ ವಾಪಸು ಮಾಡಲು ಹೋಗಿದ್ದ. ರಮಾ ಕರೆದಳು. ಎರಡು ದಿನದ ಮೇಲೆ ಮೊದಲ ಸಲ, ಅಮ್ಮಾ ಎಂದು.

ಅಕ್ಕಿಯ ತಟ್ಟೆ ಅವಳ ತೊಡೆಯ ಮೇಲಿತ್ತು. ಮಗಳ ಹೆಸರಿನ ಕೆಳಗೆ ಅಂಗೈಯಿಂದ ಅಕ್ಕಿ ಸಮ ಮಾಡಿದ್ದಳು. ಉಂಗುರ ನನ್ನ ಕೈಗಿಟ್ಟಳು.

"ಹನ್ನೊಂದು ಆಗ್ಲೇ ಇಲ್ವಲ್ಲ, ಅಂದ್ರೆ ಹೆಸರೂ ಇಟ್ಟಿರ್ಲಿಲ್ಲ ಅಲ್ವಾಮ್ಮ?"

ಇಲ್ಲ ಎಂದೆ.

"ಅಣ್ಣಂಗೆ ಏನಂತ ಇಡ್ಬೇಕು ಅಂತಿದ್ದೆ? ಬರಿ."

ಅಣ್ಣ ಎಂದಳು. ನಲವತ್ತು ವರ್ಷದಲ್ಲಿ ಅವನನ್ನು ಯಾರೂ ಏನೂ ಎಂದು ಕರೆದಿರಲಿಲ್ಲ. 'ಆ ಮಗು', ಅಷ್ಟೇ.

ಹೆಸರು ಯೋಚಿಸಿದ್ದೆ. ಯಾರಿಗೂ ಹೇಳಿರಲಿಲ್ಲ, ಕೇಳಿದವರೂ ಇರಲಿಲ್ಲ. ಸ್ಕೂಲಿನಲ್ಲಿ ಅದೇ ಹೆಸರಿನ ಹುಡುಗರು ಮೂವರು ಬಂದರು, ಮೂರು ಬೇರೆ ಬೇರೆ ವರ್ಷ. ಹಾಜರಿ ಕೂಗುವಾಗ ಆ ಹೆಸರು ಬಂದರೆ ತಲೆ ಎತ್ತಿ ನೋಡುತ್ತಿರಲಿಲ್ಲ. ಬಂದೆ ಮೇಡಂ ಎನ್ನುವುದನ್ನು ಮಾತ್ರ ಕೇಳಿಸಿಕೊಳ್ಳುತ್ತಿದ್ದೆ.

ರಮಾ ಸರಿದು ಮಂಚದ ಮೇಲೆ ಜಾಗ ಮಾಡಿಕೊಟ್ಟಳು. ಅವಳ ಪಕ್ಕ ಕೂತೆ. ಉಂಗುರ ಹಿಡಿದು ಮೊದಲ ಅಕ್ಷರ ಬರೆದೆ. ಎರಡನೆಯದನ್ನೂ ಬರೆದೆ. ಮೂರನೆಯದಕ್ಕೆ ರಮಾ ನನ್ನ ಕೈಯ ಮೇಲೆ ತನ್ನ ಕೈ ಇಟ್ಟಳು, ಇಬ್ಬರೂ ಸೇರಿ ಬರೆದೆವು.