ಗಂಡಸರ ಕಡೆಯ ಕ್ಯಾಮೆರಾ

ಹಾರಾ ಕಬೀರಾ, ಜೆರ್ಬಾ
ಭಾನುವಾರ, ೨೩ ಆಗಸ್ಟ್ ೧೯೮೧

ಖಲ್ಫೂನ್,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಬುಧವಾರ ನಾನೇ ನೋಡಿದೆನಲ್ಲ. ಇಳಿದಿದ್ದೀಯ. ಗಡ್ಡ ಬಿಟ್ಟಿದ್ದೀಯ, ಅದರಲ್ಲಿ ಒಂದು ಕಡೆ ಬೆಳ್ಳಗಾಗಿದೆ. ಮಾರ್ಸೇಯಲ್ಲಿ ಕೊಂಡದ್ದಿರಬೇಕು ಆ ಬೂದುಬಣ್ಣದ ಕೋಟು, ನಮ್ಮ ಆಗಸ್ಟಿಗೆ ಹಾಕಿಕೊಂಡು ನಿಂತಿದ್ದೆ. ಸೆಪ್ಟೆಂಬರ್‌ಗೆ ಬರುತ್ತೇನೆ, ನಮ್ಮ ಯಹೂದಿ ಗುರು ರಿಬ್ಬಿಯ ಮುಂದೆ ವಿಚ್ಛೇದನದ ಕೆಲಸ ಮುಗಿಸಿಬಿಡೋಣ ಎಂದು ವಸಂತದಲ್ಲಿ ಬರೆದವನು ಹೇಳದೆ ಕೇಳದೆ ಆಗಸ್ಟಿನಲ್ಲೇ ಬಂದೆ. ಬಂದವನು ಮನೆಗೆ ಬರಲಿಲ್ಲ, ತೂಮ್ನಾಳ ಮದುವೆಗೆ ಬಂದೆ. ಅದಕ್ಕೇ ಆ ದಿನ ಏನಾಯಿತೆಂದು ನನ್ನ ಕಡೆಯಿಂದ ಹೇಳಬೇಕು ಅನ್ನಿಸಿತು. ನೀನು ನೋಡಿದ್ದು ಅರ್ಧ ಮಾತ್ರ.

ನೀನು ಮಾರ್ಸೇಗೆ ಹೋದ ಮೇಲೆ ಈ ಎರಡು ವರ್ಷವೂ ಮದುವೆಗಳಲ್ಲಿ ಹೆಂಗಸರ ಕಡೆ ಮಾತ್ರ ನಾನು ಫೋಟೋ ತೆಗೆಯುತ್ತಿದ್ದೆ. ನಿನ್ನ ಜಾಗಕ್ಕೆ, ಗಂಡಸರ ಕಡೆಗೆ, ಹುಮ್ತ್ ಸೂಕ್ ಪೇಟೆಯಿಂದ ಒಬ್ಬ ಫೋಟೋದವನು ಬರುತ್ತಿದ್ದ. ಬುಧವಾರ ಮಧ್ಯಾಹ್ನ ಅವನಿಗೆ ಜ್ವರವೆಂದು ಸುದ್ದಿ ಬಂತು. ಮದುಮಗ ಸಿಯೂನ್‌ನ ತಾಯಿ ಗಝಾಲಾ ಗೊತ್ತಲ್ಲ ನಿನಗೆ, ಅಂಗಳದ ನಡುವೆ ನಿಂತು ಕೂಗಾಡಿದಳು. "ಮದುವೆ ಕೊನೇಲಿ ನನ್ನ ಮಗ ಗ್ಲಾಸ್ ತುಳಿದು ಒಡೆಯೋ ಫೋಟೋ ನಂಗೆ ಬೇಕೇ ಬೇಕು! ಅವನ ಅಪ್ಪ ಒಡೆದಾಗ ಈ ಊರಲ್ಲಿ ಕ್ಯಾಮೆರಾನೇ ಇರ್ಲಿಲ್ಲ."

ಎಲ್ಲರೂ ನನ್ನನ್ನು ನೋಡಿದರು. ಆಮೇಲೆ, ಹೆಂಗಸು ಗಂಡಸರ ನಡುವೆ ನಿಲ್ಲಬಹುದೇ ಎಂದು, ರಿಬ್ಬಿ ಫ್ರಾಜಿಯನ್ನು ನೋಡಿದರು. ರಿಬ್ಬಿ ತಾರಸಿಯ ಮೇಲಿನ ಪಾರಿವಾಳಗಳನ್ನು ನೋಡುತ್ತ ಗಡ್ಡ ನೀವಿಕೊಂಡರು. "ಕಣ್ಣಿಗೆ ಕ್ಯಾಮೆರಾ ಇಟ್ಕೊಂಡಿರೋಳು ನಮ್ಮನ್ನೆಲ್ಲಿ ನೋಡ್ತಾಳೆ, ಬೆಳಕು ನೋಡ್ತಾಳೆ. ಬರ್ಲಿ," ಎಂದರು. ಹಾಗೆ, ಹದಿನೆಂಟು ವರ್ಷ ಈ ಕೆಲಸ ಮಾಡಿದ ಮೇಲೆ, ಮೊದಲ ಬಾರಿ ನಾನು ನಿನ್ನ ಜಾಗದಲ್ಲಿ ನಿಲ್ಲುವಂತಾಯಿತು.

ಅದಕ್ಕೂ ಮೊದಲು ಮದುಮಗಳು ತೂಮ್ನಾಳ ಕೋಣೆಗೆ ಹೋಗಿದ್ದೆ. ಒಳಗೆ ಕಿತ್ತಳೆ ಹೂವಿನ ನೀರಿನ ಪರಿಮಳ. ಕಿಟಕಿಯ ನೀಲಿ ಬಾಗಿಲುಗಳ ಸಂದಿಯಿಂದ ಬಿಸಿಲು ಪಟ್ಟಿಪಟ್ಟಿಯಾಗಿ ಅವಳ ಬಿಳಿ ಬಟ್ಟೆಯ ಮೇಲೆ ಬಿದ್ದಿತ್ತು. ಅವಳು ಉಸಿರಾಡಿದಾಗಲೆಲ್ಲ ಆ ಪಟ್ಟಿಗಳು ಏರುತ್ತಿದ್ದವು, ಇಳಿಯುತ್ತಿದ್ದವು. ದಡದ ಹತ್ತಿರ ನಿಂತ ನೀರಿನಲ್ಲಿ ಕಾಣುವುದಿಲ್ಲವೇ, ಹಾಗೆ. ಗೋರಂಟಿಯ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದಳು. ಉಳಿದವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕು ಎಂದಳು.

"ಉರೀದಕ್ಕ, ಬರೀ ನನ್ನ ಫೋಟೋ ತೆಗೀಬೇಡ. ಆ ಗೋಡೆ ತೆಗಿ. ಆ ಗೂಡು ತೆಗಿ, ಅಮ್ಮ ದೀಪ ಇಡ್ತಾಳಲ್ಲ. ಬಾವಿ ಹಗ್ಗ ತೆಗಿ."

ಮದುವೆಯಾದ ವಾರಕ್ಕೇ ಸಿಯೂನ್ ಅವಳನ್ನು ಪ್ಯಾರಿಸ್ಸಿಗೆ ಕರೆದುಕೊಂಡು ಹೋಗುತ್ತಾನೆ. ಹೆದರಿಕೆಯೇ ಎಂದು ಕೇಳಿದೆ.

"ಹೋಗೋದಕ್ಕಲ್ಲ ಅಕ್ಕ. ಅಲ್ಲಿ ಹೋಗಿ ಇದನ್ನೆಲ್ಲ ಮರೆತು ಖುಷಿಯಾಗಿ ಇದ್ಬಿಡ್ತೀನೇನೋ ಅಂತ."

"ನೀನು ಮರೆತ್ಬಿಡು. ನೆನಪಿಟ್ಕೊಳ್ಳೋಕೆ ನಾನಿದ್ದೀನಲ್ಲ," ಎಂದೆ. ನಿನಗೂ ಅದನ್ನೇ ಅಲ್ಲವೇ ನಾನು ಹೇಳಿದ್ದು? ಎಲ್ಲರೂ ಹೊರಟುಹೋಗುತ್ತಿದ್ದಾರೆ, ಇನ್ನು ಯಾರ ಮದುವೆ ತೆಗೆಯುತ್ತೀಯ ಎಂದು ನೀನು ಕೇಳಿದಾಗ, ಹೋಗುವವರ ಫೋಟೋ ತೆಗೆಯುವುದಕ್ಕೆ ಒಬ್ಬರಾದರೂ ಉಳಿಯಬೇಕು ಎಂದಿದ್ದೆ. ಎಷ್ಟು ಚೆನ್ನಾಗಿ ಹೇಳಿದೆ ಎಂದು ಆಗ ನನಗೇ ಹೆಮ್ಮೆಯಾಗಿತ್ತು.

ತೂಮ್ನಾ ನನ್ನನ್ನು ನೋಡಿ, ಎಳೆಯ ಹುಡುಗಿ, ಏನೂ ಕೊಂಕಿಲ್ಲದೆ ಕೇಳಿದಳು. "ನಿನ್ನ ಯಾರು ನೆನಪಿಟ್ಕೋತಾರೆ?"

ನಾನು ಲೆನ್ಸ್ ಒರೆಸಿಕೊಂಡೆ. ಒರೆಸುವಂಥದ್ದೇನೂ ಅದರ ಮೇಲಿರಲಿಲ್ಲ.

ಸೂರ್ಯ ಇಳಿಯುವ ಹೊತ್ತಿಗೆ ಅಂಗಳದಲ್ಲಿ ಮದುವೆ. ನಾಲ್ವರು ಪ್ರಾರ್ಥನೆಯ ಶಾಲನ್ನು ನಾಲ್ಕು ಮೂಲೆ ಹಿಡಿದು ಮದುಮಕ್ಕಳ ತಲೆಯ ಮೇಲೆ ಎತ್ತಿದರು. ಸಮುದ್ರದ ಗಾಳಿ ಅದರ ಹೊಟ್ಟೆಯನ್ನು ಉಬ್ಬಿಸುತ್ತಿತ್ತು, ಬಿಡುತ್ತಿತ್ತು. ಸುಣ್ಣದ ಗೋಡೆ ಹಳದಿಯಾಗಿ, ಆಮೇಲೆ ಗುಲಾಬಿಯಾಗಿ ತಿರುಗಿತು. ಗಂಡಸರ ನಡುವೆ ಮೊಣಕೈ ಚಾಚಿ ಜಾಗ ಮಾಡಿಕೊಂಡು ನಿಂತಾಗ ನನಗೆ ಯಾರದೋ ಕನಸಿನೊಳಗೆ ಬಂದು ನಿಂತ ಹಾಗಿತ್ತು. ನೀನು ಇಷ್ಟು ವರ್ಷ ಕಂಡದ್ದು ಇದೇ ಏನು? ಈ ಕಡೆಯಿಂದ ಮದುಮಗಳ ಮುಖ ಎಷ್ಟು ನೇರವಾಗಿ ಕಾಣುತ್ತದೆ! ನಾವು ಹೆಂಗಸರ ಕಡೆಯಿಂದ ಅವಳ ಬೆನ್ನನ್ನೂ ಮುಸುಕನ್ನೂ ಮಾತ್ರ ನೋಡುತ್ತಿದ್ದೆವು. ಪ್ರತಿ ಮದುವೆಯ ಮರುದಿನ ನೀನು ತೆಗೆದ ಚಿತ್ರಗಳು ಔಷಧದ ನೀರಿನಲ್ಲಿ ಮೆಲ್ಲಗೆ ಮೂಡುವಾಗ ನಾನು ಯಾಕೆ ಅಷ್ಟು ಬೆರಗಾಗುತ್ತಿದ್ದೆ ಎಂದು ಅವತ್ತು ತಿಳಿಯಿತು.

ರಿಬ್ಬಿಯ ಏಳು ಆಶೀರ್ವಾದಗಳೂ ಮುಗಿದವು. ಬಟ್ಟೆಯಲ್ಲಿ ಸುತ್ತಿದ ಗ್ಲಾಸನ್ನು ಸಿಯೂನ್‌ನ ಕಾಲ ಬುಡದಲ್ಲಿ ಇಟ್ಟರು. ನಾನು ಮಂಡಿಯೂರಿ ಕೂತೆ. ಅವನು ಕಾಲೆತ್ತಿದ. ಅವನ ಬೂಟು, ಅದರ ಹಿಂದೆ ಬಿಳಿ ಶಾಲುಗಳ ಸಾಲು, ಆ ಸಾಲಿನ ನಡುವೆ ನಿನ್ನ ಮುಖ.

ನೀನು ಮದುಮಕ್ಕಳನ್ನೂ ನೋಡುತ್ತಿರಲಿಲ್ಲ, ನನ್ನನ್ನೂ ನೋಡುತ್ತಿರಲಿಲ್ಲ. ಹಣೆಗೆ ಕೈ ಅಡ್ಡ ಹಿಡಿದು ಬೆಳಕನ್ನು ಅಳೆಯುತ್ತಿದ್ದೆ. ಆಮೇಲೆ ನೀನು ಕೈ ಇಳಿಸಿದೆ. ನನಗೆ ಅರ್ಥವಾಯಿತು, 'ಈಗ ಒತ್ತು' ಎನ್ನುತ್ತಿದ್ದೀಯ. ಟಪ್ಪೆಂದು ಗ್ಲಾಸ್ ಒಡೆಯಿತು. ಅಂಗಳದ ತುಂಬ ಹೆಂಗಸರ ಸಂಭ್ರಮದ ಉಲಿ ಎದ್ದಿತು. ನನ್ನ ಬೆರಳು ಇದ್ದಲ್ಲೇ ಇತ್ತು.

ಗಝಾಲಾ ಜನರನ್ನು ಸೀಳಿಕೊಂಡು ಬಂದಳು. "ಒತ್ತಿದ್ಯಾ?"

"ಇಲ್ಲ."

"ಇಲ್ಲ ಅಂದ್ರೆ? ಏ ಸಿಯೂನ್, ನಿಂತ್ಕೋ ಅಲ್ಲೇ! ಯಾರಾದ್ರೂ ಇನ್ನೊಂದು ಗ್ಲಾಸ್ ತನ್ನಿ!"

ರಿಬ್ಬಿ ಕೈ ಅಡ್ಡ ಮಾಡಿದರು. "ಮದುವೆ ಗ್ಲಾಸ್ ಒಂದೇ ಗಝಾಲಾ. ಇನ್ನು ಒಡೆಯೋದೆಲ್ಲ ಅವರಿಬ್ಬರು ಜಗಳ ಆಡುವಾಗ. ಆಗ ಕರೀತಾರೆ, ಬಂದು ಫೋಟೋ ತಗೋ."

ಎಲ್ಲರೂ ನಕ್ಕರು. ಬೈಯಲೆಂದು ಬಾಯಿ ತೆರೆದ ಗಝಾಲಾಳಿಗೆ ನಗು ಬಂತು, ನಗುವಿನ ನಡುವೆ ಅಳು ಬಂತು. ಸಿಯೂನ್ ಅವಳನ್ನು ಎರಡೂ ಕೈಯಿಂದ ಎತ್ತಿಕೊಂಡು ಗಿರಗಿರನೆ ತಿರುಗಿಸಿದ. ಅವಳ ಒಂದು ಚಪ್ಪಲಿ ಹಾರಿ ಬಾದಾಮಿ ತಟ್ಟೆಗೆ ಬಿತ್ತು. ಆ ಕ್ಷಣಕ್ಕೆ ಸರಿಯಾಗಿ ಒತ್ತಿದೆ. ನೆನ್ನೆ ರಾತ್ರಿ, ಶನಿವಾರದ ಸಬ್ಬತ್ ವಿರಾಮ ಮುಗಿದ ಮೇಲೆ, ಪ್ರಿಂಟ್ ಹಾಕಿದೆ, ಖಲ್ಫೂನ್. ಹೇಗೆ ಬಂದಿದೆ ಎಂದರೆ ನೀನೂ ತಪ್ಪು ಹುಡುಕಲಾರೆ. ಬೆಳಿಗ್ಗೆ ಗಝಾಲಾಳಿಗೆ ತೋರಿಸಿದೆ. "ಗ್ಲಾಸು ಬಿಡು," ಎಂದಳು.

ನಾನು ಎದ್ದು ನೋಡುವಷ್ಟರಲ್ಲಿ ನೀನಿರಲಿಲ್ಲ. ಮದುಮಕ್ಕಳು ಒಳ್ಳೆಯದಾಗಲೆಂದು ತಟ್ಟೆಯಲ್ಲಿಟ್ಟ ಮೀನು ದಾಟುವಾಗಲೂ ಹುಡುಕಿದೆ, ಕುಣಿತದಲ್ಲೂ ಹುಡುಕಿದೆ. ಕಡೆಗೆ ಪಕ್ಕದ ಮನೆಯ ಮಬ್ರೂಕಾ ತಾರಸಿಯಿಂದಲೇ ಕೂಗಿ ಹೇಳಿದಳು. "ನಿನ್ನ ಗಂಡ ಬಾಗಿಲ ಹತ್ರ ನಿಂತು ಅತ್ತ ಕಣೇ. ಅತ್ತು ಮೂಗು ಒರೆಸ್ಕೊಂಡು ಎರಡು ಹಿಡಿ ಬಾದಾಮಿ ಜೇಬಿಗೆ ತುಂಬ್ಕೊಂಡು ಹೋದ. ನನ್ನ ತಮ್ಮನ ಛತ್ರದಲ್ಲೇ ಇಳ್ಕೊಂಡಿದಾನೆ, ಸೋಮವಾರದಿಂದ."

ಸೋಮವಾರದಿಂದ! ನಮ್ಮ ಕೇರಿಗೆಲ್ಲ, ಇಡೀ ಹಾರಾಕ್ಕೆ ಗೊತ್ತಿತ್ತು, ನನಗೊಬ್ಬಳಿಗೆ ಬಿಟ್ಟು.

ಶುಕ್ರವಾರ ರೊಟ್ಟಿ ತರಲು ಹೋದಾಗ ರಿಬ್ಬಿ ಸಿಕ್ಕರು. ನೀನು ಅವರನ್ನು ಕಂಡಿದ್ದೆಯಂತೆ. "ಬರೋ ಬುಧವಾರ ಅಂತ ಹೇಳಿದ್ದೀನಿ. ಇಬ್ಬರೂ ಬರಬೇಕಾಗತ್ತೆ, ಮಗಳೇ," ಎಂದರು. ಅವನು ಏನಾದರೂ ಹೇಳಿದನೇ ಎಂದು ಕೇಳಿದೆ. ರಿಬ್ಬಿ ಯೋಚಿಸಿ ಹೇಳಿದರು: "ಮದುವೆ ಹೇಗಿತ್ತಪ್ಪ ಅಂದೆ. ಅವಳು ಇನ್ನೂ ಕ್ಯಾಮೆರಾನ ಒಂದು ಚೂರು ಎತ್ತರಕ್ಕೇ ಹಿಡೀತಾಳೆ ಅಂದ."

ಮಂಡಿಯೂರಿದ್ದೆ ನಾನು, ಇನ್ನೆಷ್ಟು ಕೆಳಗೆ ಹಿಡಿಯಲಿ?

ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಾನು ಬದಲಾಗಿಲ್ಲ. ಈ ದ್ವೀಪ ಬಿಟ್ಟು ಬರಲಾರೆ ಎಂದು ಅಂದು ಹೇಳಿದ್ದೆ, ಈಗಲೂ ಅಷ್ಟೇ. ಇಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಸಂಜೆ ಮಬ್ರೂಕಾ ಬರುತ್ತಾಳೆ, ಚಹಾ ಕುಡಿಯುತ್ತೇವೆ. ನೀನು ನೆಟ್ಟ ದಾಳಿಂಬೆ ಈ ವರ್ಷ ಕಾಯಿ ಬಿಟ್ಟಿದೆ. ಬುಧವಾರ ಬಾ ಎಂದರೆ ರಿಬ್ಬಿಯಲ್ಲಿಗೆ ಬರುತ್ತೇನೆ, ಅತ್ತು ರಂಪ ಮಾಡುವುದಿಲ್ಲ. ಆದರೆ ತೂಮ್ನಾಳ ಮದುವೆಯ ಇನ್ನೂ ನಾಲ್ಕು ಫಿಲ್ಮ್ ರೋಲ್ ತೊಳೆಯುವುದಿದೆ. ಗಂಡಸರ ಕಡೆಯ ಮುಖಗಳಿಗೆ ನನ್ನ ಕೈ ಪಳಗಿಲ್ಲ, ಯಾವುದಕ್ಕೆ ಎಷ್ಟು ಬೆಳಕು ಕೊಡಬೇಕೋ ತಿಳಿಯುತ್ತಿಲ್ಲ. ನಾಳೆ ಬೆಳಿಗ್ಗೆ ಶುರುಮಾಡುತ್ತೇನೆ. ಬಾಗಿಲು ತೆರೆದೇ ಇರುತ್ತದೆ. ಆ ಕೋಟು ಮಾತ್ರ ಛತ್ರದಲ್ಲೇ ಬಿಟ್ಟು ಬಾ.

ಇವತ್ತಿಗೆ, ಬುಧವಾರದವರೆಗೂ ನಿನ್ನ ಹೆಂಡತಿಯೇ ಆದ,
ಉರೀದಾ

ಮತ್ತೆ: ಮುಚ್ಚಿದ ಲಕೋಟೆಯನ್ನು ಮಬ್ರೂಕಾಳ ಕೈಯಿಂದ ಮತ್ತೆ ಇಸಿದುಕೊಂಡು ಇದನ್ನು ಬರೆಯುತ್ತಿದ್ದೇನೆ. ಹೋದ ಚಳಿಗಾಲದಲ್ಲೇ ನಾನು ಪಾಸ್‌ಪೋರ್ಟ್ ಮಾಡಿಸಿದೆ. ಯಾರಿಗೂ ಹೇಳಿಲ್ಲ. ಅದಕ್ಕೆ ಬೇಕಾದ ಫೋಟೋ ನಾನೇ ತೆಗೆದುಕೊಂಡೆ, ಗೋಡೆಗೆ ಒರಗಿ, ಟೈಮರ್ ಇಟ್ಟು. ಚೆನ್ನಾಗಿ ಬಂದಿಲ್ಲ. ಗದ್ದ ಸ್ವಲ್ಪ ಎತ್ತು ಎನ್ನುವುದಕ್ಕೆ ಕ್ಯಾಮೆರಾದ ಆಚೆ ಕಡೆ ಯಾರೂ ಇರಲಿಲ್ಲ.