ಮೂಟೆ ಕಟ್ಟಿದ ಕೈ

ಲೀಬಾನೊ, ತೊಲೀಮ
9 ಸೆಪ್ಟೆಂಬರ್ 2013, ಸೋಮವಾರ

ಪ್ರೀತಿಯ ಮಗಳು ನಿದಿಯಾಳಿಗೆ,

ಹೇಗಿದ್ದೀಯ? ನಿನ್ನ ತಾಯಿಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ? ಎಸ್ಪಿನಾಲಿನ ಸೆಕೆ ನನಗೆ ಒಂದು ದಿನವೂ ಆಗಿಬರುವುದಿಲ್ಲ. ನೀನು ಅಲ್ಲೇ ಹುಟ್ಟಿ ಬೆಳೆದವಳು, ಹಾಯಾಗಿರಬಹುದು. ಇಲ್ಲಿ ನಾವಿಬ್ಬರು ಗಂಡಸರೂ ಹೇಗೋ ಇದ್ದೇವೆ. ನಾನು ಸುಡುವ ಮೆಕ್ಕೆಜೋಳದ ರೊಟ್ಟಿ, ಅದೇ ಅರೇಪ, ಒಂದು ಬದಿ ಹಸಿ, ಇನ್ನೊಂದು ಬದಿ ಸೀದು. ನಿನ್ನ ಗಂಡ ಡುವಾನ್ ಸೀದದ್ದನ್ನು ಕೆರೆದು ತಿನ್ನುತ್ತಾನೆ. ಫೋನಿನಲ್ಲಾದರೆ ಏನಾದರೂ ಅಂದುಬಿಡುತ್ತೇನೆಂದು ಕಾಗದ ಬರೆಯುತ್ತಿದ್ದೇನೆ. ನನ್ನ ಬಾಯಿ ನಿನಗೆ ಗೊತ್ತೇ ಇದೆ.

ಸೈನ್ಯದಲ್ಲಿದ್ದಾಗ ನೆಲಬಾಂಬು ಸಿಡಿದು ಡುವಾನ್‌ನ ಎಡಗಾಲು ಮೊಣಕಾಲಿನ ಕೆಳಗೆ ಹೋಗಿ ಹತ್ತೊಂಬತ್ತು ತಿಂಗಳಾಯಿತು. ಅದರಲ್ಲಿ ಹದಿನಾರು ತಿಂಗಳು, ಉಳಿದ ಕಾಲಿನ ತುದಿ ಊದದಂತೆ ದಿನಾ ಬೆಳಿಗ್ಗೆ ಪಟ್ಟಿ ಕಟ್ಟಿದವಳು ನೀನು. ಜೂನ್‌ನಲ್ಲಿ ನೀನು ಒಂದು ಚೀಲ ಹಿಡಿದು ತಾಯಿಯ ಮನೆಗೆ ಹೊರಟ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಇದರಲ್ಲೇನು ಮಹಾ ಇದೆ ಅಂದುಕೊಂಡೆ. ಮೂವತ್ತೊಂದು ವರ್ಷ ಸಹಕಾರ ಸಂಘದಲ್ಲಿ ಕಾಫಿ ಮೂಟೆ ಕಟ್ಟಿದ ಕೈ ಇದು. ಮೂಟೆಯ ತಳ ಸಡಿಲವಿದ್ದರೂ ನಡೆಯುತ್ತದೆ, ಬಾಯಿ ಮಾತ್ರ ಬಿಗಿಯಾಗಿರಬೇಕು. ಮಗನ ಕಾಲಿಗೂ ಹಾಗೆಯೇ ತುದಿಯಲ್ಲಿ ಸಡಿಲ ಬಿಟ್ಟು ಮೇಲೆ ಬಿಗಿದೆ. ಮೊದಲ ದಿನವೇ ಅವನು, “ನಿದಿಯಾ ಹೀಗೆ ಕಟ್ತಿರ್ಲಿಲ್ಲಪ್ಪಾ” ಅಂದ. “ನಿನ್ ಹೆಂಡ್ತಿ ಏನು ಡಾಕ್ಟ್ರಾ?” ಅಂದುಬಿಟ್ಟೆ. ಹಾಗೆಯೇ ಕಟ್ಟುತ್ತಾ ಹೋದೆ.

ಆಗಸ್ಟ್‌ನಲ್ಲಿ ಹೊಸ ಕಾಲು ಹಾಕಿಸಲು ಇಬಾಗೆಯ ಸೈನಿಕರ ಚಿಕಿತ್ಸಾ ಕೇಂದ್ರಕ್ಕೆ ಹೋದೆವು. ಕಾಲಿನ ತುದಿ ಬನ್ನಿನಂತೆ ಊದಿತ್ತು, ಅಚ್ಚಿನೊಳಗೆ ಇಳಿಯಲೇ ಇಲ್ಲ. ಊತ ಇಳಿದ ಮೇಲೆ ಬನ್ನಿ ಎಂದು ವಾಪಸು ಕಳಿಸಿದರು. ಜೊತೆಗೆ ನನ್ನನ್ನು ಪ್ರತಿ ಮಂಗಳವಾರ, ಗಾಯಾಳು ಸೈನಿಕರನ್ನು ನೋಡಿಕೊಳ್ಳುವ ಮನೆಯವರ ತರಗತಿಗೆ ಹಾಕಿದರು. ಹನ್ನೊಂದು ಹೆಂಗಸರು, ನಾನೊಬ್ಬ ಮುದುಕ. ಪಾಠ ಹೇಳುವ ನರ್ಸ್ ಫಬಿಯೋಲಾ ನಾನು ಕಟ್ಟಿದ್ದನ್ನು ಎಲ್ಲರಿಗೂ ತೋರಿಸಿ, “ಎವೇಲಿಯೊ ಅವ್ರೇ, ಇದನ್ನ ಲಾರಿಗೆ ಹತ್ತಿಸ್ಬೇಕಾ? ನಿಮ್ ಮಗನ ಕಾಲು ಕಣ್ರೀ ಇದು” ಅಂದಳು. ತುದಿಯಲ್ಲಿ ಬಿಗಿ, ಮೇಲೆ ಹೋದಂತೆ ಸಡಿಲ, ಸುತ್ತು ಓರೆಯಾಗಿ ಬರಬೇಕಂತೆ. ನಾಲ್ಕು ಮಂಗಳವಾರ ಬಿಚ್ಚಿ ಬಿಚ್ಚಿ ಕಟ್ಟಿಸಿದಳು. ನೀನು ಯಾರಿಂದ ಕಲಿತೆಯೋ, ನಾನು ಒಂದು ದಿನವೂ ಕೇಳಲಿಲ್ಲ.

ಕಳೆದ ವಾರ ಫಬಿಯೋಲಾ ಪಟ್ಟಿ ಬದಿಗಿಟ್ಟು, ನಿಮಗೇ ಅಂತ ಒಂದು ದಿನ ಸಿಕ್ಕಿ ಎಷ್ಟು ಕಾಲವಾಯಿತು ಎಂದು ಒಬ್ಬೊಬ್ಬರನ್ನೇ ಕೇಳಿದಳು. ಹೆಂಗಸರೆಲ್ಲ ನಕ್ಕರು. ಕಣ್ಣು ಕಳೆದುಕೊಂಡ ಒಬ್ಬ ಹುಡುಗನ ತಾಯಿ ಎರ್ಮೆಲಿಂದಾ ನಗುನಗುತ್ತಲೇ ಅಳುವುದಕ್ಕೆ ಶುರುಮಾಡಿದಳು. ನೀನು ಜನವರಿಯಲ್ಲಿ ನಿನ್ನ ತಂಗಿಯ ಮಗುವಿನ ಜ್ಞಾನಸ್ನಾನಕ್ಕೆ ಒಂದು ಭಾನುವಾರ ಹೋಗಿಬರುತ್ತೇನೆ ಅಂದಿದ್ದೆ. ಹಾಗಾದರೆ ಕಾಲು ಕಟ್ಟುವವರು ಯಾರು ಎಂದು ನಾನು ಕೇಳಿದ್ದೆ. ಅದು ಬರೀ ಹನ್ನೊಂದು ನಿಮಿಷದ ಕೆಲಸ, ಗಡಿಯಾರ ಇಟ್ಟುಕೊಂಡು ನೋಡಿದ್ದೇನೆ. ನನಗೆ ನಾಚಿಕೆಯಾಗಿದೆ, ಮಗಳೇ. ಬಾಯಿಬಿಟ್ಟು ಹೇಳಲು ಬರುವುದಿಲ್ಲ, ಅದಕ್ಕೆ ಬರೆದಿದ್ದೇನೆ.

ಈಗ ಊತ ಇಳಿದಿದೆ. ಅಕ್ಟೋಬರ್ ಒಂದರಂದು ಮತ್ತೆ ಅಳತೆ. ಎಸ್ಪಿನಾಲಿನಿಂದ ಬರುವ ಬಸ್ಸಿನ ಹೊತ್ತಿಗೆ ಡುವಾನ್ ತಾನಾಗಿ ಕಿಟಕಿಯ ಹತ್ತಿರ ಹೋಗಿ ಕೂರುತ್ತಾನೆ, ಬಸ್ಸು ಖಾಲಿಯಾದ ಮೇಲೆ ಟಿವಿ ಹಾಕುತ್ತಾನೆ. ನಿನ್ನ ಹೆಸರೆತ್ತುವುದಿಲ್ಲ. ನಾನೂ ಎತ್ತುವುದಿಲ್ಲ.

ನಿನ್ನ ತಾಯಿಗೆ ನನ್ನ ನಮಸ್ಕಾರ ತಿಳಿಸು. ಕಾರ್ಮೆನ್ ಮಾತೆ ನಿನ್ನನ್ನು ಕಾಯಲಿ.

ನಿನ್ನ ಮಾವ,
ಎವೇಲಿಯೊ ಕಿಂಬಾಯೊ

ಮರೆತಿದ್ದು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲಲಿಲ್ಲ. ಬಸ್ ನಿಲ್ದಾಣದಲ್ಲಿ ನಿಂತು ಬರೆಯುತ್ತಿದ್ದೇನೆ, ಈ ಕಾಗದ ಒಯ್ಯುವ ಡ್ರೈವರ್ ಅವಸರ ಮಾಡುತ್ತಿದ್ದಾನೆ. ಕಳೆದ ನವೆಂಬರ್‌ನಲ್ಲಿ ಕೇಂದ್ರದಿಂದ ನಿನ್ನ ಹೆಸರಿಗೆ ಒಂದು ಲಕೋಟೆ ಬಂದಿತ್ತು. ಮೂರು ತಿಂಗಳಿಗೊಮ್ಮೆ ನಿನಗೆ ಎಂಟು ದಿನ ಬಿಡುವು, ಆ ಎಂಟು ದಿನ ನರ್ಸ್ ಮನೆಗೇ ಬಂದು ಅವನನ್ನು ನೋಡಿಕೊಳ್ಳುತ್ತಾಳೆ ಎಂದಿತ್ತು. ನಾನು ಒಡೆದು ಓದಿದೆ. ನಮ್ಮ ಮನೆಯಲ್ಲಿ ಹೆಂಗಸಿದ್ದಾಳೆ, ಹೊರಗಿನವರು ಬೇಡ ಎಂದು ಅದರ ಹಿಂದೆಯೇ ಬರೆದು ವಾಪಸು ಕಳಿಸಿದೆ. ಫೆಬ್ರವರಿಯಲ್ಲಿ ಬಂದದ್ದನ್ನೂ ಹಾಗೇ ಮಾಡಿದೆ. ನಿನ್ನೆ ಇದನ್ನು ಡುವಾನ್‌ಗೆ ಹೇಳಿದೆ. ಆಗಿನಿಂದ ಅವನು ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಆದರೆ ಇವತ್ತು ಬೆಳಿಗ್ಗೆ ಪಟ್ಟಿ ಕಟ್ಟಲು ಹೋದಾಗ ಕಾಲು ಚಾಚಿದ. ನೀನೂ ನನ್ನ ಜೊತೆ ಮಾತಾಡಬೇಡ, ಆದರೆ ಬಾ.